ಅಮೆರಿಕದಲ್ಲಿ ಫೆಸೆಂಟ್ ಹಕ್ಕಿಯ ಇಳಿಮುಖ

ಫೆಸೆಂಟ್ ಅಥವಾ ಉಂಗುರಕತ್ತಿನ ಫೆಸೆಂಟ್ (ವೈಜ್ಞಾನಿಕ ಹೆಸರು: ಫೇಸಿಯಾನಸ್ ಕಾಲ್ಕಿಕಸ್) ಏಷ್ಯಾ ಮೂಲದ, ಕೋಳಿ ಜಾತಿಗೆ ಸೇರಿದ ಒಂದು ಹಕ್ಕಿ. ಇದನ್ನು 1880ರ ದಶಕದಲ್ಲಿ ಚೀನಾದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತಂದು ಬಿಡಲಾಯಿತು. ಅರ್ಧ ಶತಮಾನದೊಳಗೆ ಅದು ಅಲ್ಲಿನ ಹೊಲಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಗೆ ಬೆಳೆಯಿತು ಮತ್ತು ಮಧ್ಯಪಶ್ಚಿಮ ರಾಜ್ಯಗಳ ಗ್ರಾಮೀಣ ಜೀವನದ ಭಾಗವಾಯಿತು. 1940ರ ದಶಕದಲ್ಲಿ ಉತ್ತುಂಗಕ್ಕೇರಿದ್ದ ಅದರ ಸಂಖ್ಯೆ ಆ ಬಳಿಕ ಏರಿಳಿತಗಳ ನಡುವೆ ಕುಸಿಯುತ್ತ ಬಂದಿದೆ. ಪೆನ್ಸಿಲ್ವೇನಿಯದಂತಹ ಪೂರ್ವದ ರಾಜ್ಯಗಳಲ್ಲಿ ತಾನಾಗಿಯೇ ಮರಿಮಾಡಿ ಉಳಿಯುವ ಕಾಡುಫೆಸೆಂಟ್ ಬಹುತೇಕ ಕಣ್ಮರೆಯಾಗಿದೆ. ಇಷ್ಟೊಂದು ಬೇಟೆಗೆ ಗುರಿಯಾದ ಹಕ್ಕಿ ಕೋವಿಯಿಂದಲೇ ನಾಶವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ವನ್ಯಜೀವಿ ಇಲಾಖೆಗಳ ದೀರ್ಘಕಾಲದ ದಾಖಲೆಗಳು ಕೃಷಿಯ ಸ್ವರೂಪ ಬದಲಾದುದನ್ನೇ ಮುಖ್ಯ ಕಾರಣವಾಗಿ ತೋರಿಸುತ್ತವೆ.

ಹೆಸರು ಮತ್ತು ಸ್ವರೂಪ

'ಫೆಸೆಂಟ್' ಎಂಬ ಹೆಸರು ಕಪ್ಪು ಸಮುದ್ರದ ಪೂರ್ವ ದಡದಲ್ಲಿದ್ದ ಕಾಲ್ಕಿಸ್ ಪ್ರದೇಶದ ಫಾಸಿಸ್ ನದಿಯಿಂದ ಬಂದಿದೆ. ಈಗ ರಿಯೋನಿ ಎಂದು ಕರೆಯಲಾಗುವ ಈ ನದಿ ಜಾರ್ಜಿಯ ದೇಶದಲ್ಲಿದೆ. ಕನ್ನಡದಲ್ಲಿ ಈ ಹಕ್ಕಿಗೆ ರೂಢಿಯ ಹೆಸರಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಅದು ಇಲ್ಲ. ಅದರ ಬಳಗದ ಹಕ್ಕಿಗಳು ಮಾತ್ರ ಇಲ್ಲಿಯವರಿಗೆ ಪರಿಚಿತ: ನವಿಲು, ಕಾಡುಕೋಳಿ, ಚಿಟ್ಟುಕೋಳಿ, ಗೌಜಲಹಕ್ಕಿ ಇವೆಲ್ಲವೂ ಅದೇ ಫೇಸಿಯಾನಿಡೇ ಕುಟುಂಬಕ್ಕೆ ಸೇರಿವೆ. ಹಿಮಾಲಯದ ಮೊನಾಲ್ ಮತ್ತು ಟ್ರ್ಯಾಗೋಪ್ಯಾನ್‌ಗಳೂ ಇದೇ ಕುಟುಂಬದವು.

ಹುಂಜವು ತಾಮ್ರ ಮತ್ತು ಬಂಗಾರ ಬಣ್ಣದ ಮೈ, ಹಸಿರು ಹೊಳಪಿನ ತಲೆ, ಕಣ್ಣಿನ ಸುತ್ತ ಕೆಂಪು ಚರ್ಮ ಮತ್ತು ಉದ್ದನೆಯ ಬಾಲವನ್ನು ಹೊಂದಿರುತ್ತದೆ. ಅಮೆರಿಕದಲ್ಲಿ ನೆಲೆಸಿದ ಹಕ್ಕಿಗಳು ಮುಖ್ಯವಾಗಿ ಚೀನೀ ತಳಿಯವಾದುದರಿಂದ ಅವುಗಳ ಕುತ್ತಿಗೆಯ ಸುತ್ತ ಬಿಳಿಯ ಪಟ್ಟಿ ಇದೆ. 'ಉಂಗುರಕತ್ತು' ಎಂಬ ವಿಶೇಷಣ ಬಂದದ್ದು ಅದರಿಂದಲೇ. ಹೇಂಟೆಯದು ಒಣಹುಲ್ಲಿನ ಬಣ್ಣ. ನೆಲದ ಮೇಲೆ ಗೂಡು ಮಾಡಿ ಸುಮಾರು 23 ದಿನ ಕದಲದೆ ಕಾವು ಕೂರುವ ಹಕ್ಕಿಗೆ ಆ ಮಂಕು ಬಣ್ಣವೇ ರಕ್ಷಣೆ. ಒಂದು ಗೂಡಿನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಮೊಟ್ಟೆಗಳಿರುತ್ತವೆ. ಒಂದು ಹುಂಜ ಹಲವು ಹೇಂಟೆಗಳೊಂದಿಗೆ ಕೂಡುತ್ತದೆ ಮತ್ತು ಮರಿಗಳ ಪಾಲನೆಯಲ್ಲಿ ಪಾಲ್ಗೊಳ್ಳುವುದಿಲ್ಲ. ಈ ಸಂಗತಿಯು ಬೇಟೆಯ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಮುಖ್ಯವಾದುದು.

ಫೆಸೆಂಟ್ ಅಲ್ಪಾಯುಷಿ. ಕಾಡಿನಲ್ಲಿ ಹುಟ್ಟಿದ ಹೆಚ್ಚಿನ ಹಕ್ಕಿಗಳು ಎರಡನೆಯ ಚಳಿಗಾಲವನ್ನು ಕಾಣುವುದಿಲ್ಲ. ಆದುದರಿಂದ ಒಂದು ವರ್ಷದ ಸಂಖ್ಯೆಯು ಆ ವರ್ಷ ಎಷ್ಟು ಗೂಡುಗಳು ಫಲಿಸಿದವು ಎಂಬುದನ್ನೇ ಅವಲಂಬಿಸಿರುತ್ತದೆ.

ಅಮೆರಿಕಕ್ಕೆ ಬಂದ ಬಗೆ

ಹದಿನೆಂಟನೆಯ ಶತಮಾನದಲ್ಲಿಯೇ ಪೂರ್ವ ಕರಾವಳಿಯಲ್ಲಿ ಫೆಸೆಂಟ್ ಬಿಡುವ ಪ್ರಯತ್ನಗಳು ನಡೆದಿದ್ದವು. ಬೆಂಜಮಿನ್ ಫ್ರಾಂಕ್ಲಿನ್ನರ ಅಳಿಯ ರಿಚರ್ಡ್ ಬಾಷ್ ನ್ಯೂಜೆರ್ಸಿಯಲ್ಲಿ ಬಿಟ್ಟ ಹಕ್ಕಿಗಳು ಉಳಿಯಲಿಲ್ಲ. ಯಶಸ್ಸು ದೊರೆತದ್ದು ಪಶ್ಚಿಮ ಕರಾವಳಿಯಲ್ಲಿ. ಶಾಂಘಾಯ್‌ನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವನ್ ನಿಕರ್ಸನ್ ಡೆನ್ನಿ 1881ರಲ್ಲಿ ಒರೆಗಾನ್‌ನ ಕಡೆಗೆ ಹಡಗಿನಲ್ಲಿ ಹಕ್ಕಿಗಳನ್ನು ಕಳುಹಿಸಿದರು. ಆ ತಂಡದ ಬಹುತೇಕ ಹಕ್ಕಿಗಳು ದಾರಿಯಲ್ಲಿ ಸತ್ತವು. 1882ರಲ್ಲಿ ಕಳುಹಿಸಿದ ಎರಡನೆಯ ತಂಡವನ್ನು ವಿಲಾಮೆಟ್ ಕಣಿವೆಯಲ್ಲಿ ಬಿಡಲಾಯಿತು. ಅವು ಎಷ್ಟು ಬೇಗ ಹಬ್ಬಿದವೆಂದರೆ ಹತ್ತೇ ವರ್ಷಗಳಲ್ಲಿ, 1892ರಲ್ಲಿ, ಒರೆಗಾನ್ ಮೊದಲ ಬೇಟೆ ಋತುವನ್ನು ತೆರೆಯಿತು. ಮೊದಲ ದಿನವೇ 50,000 ಹಕ್ಕಿಗಳನ್ನು ಹೊಡೆಯಲಾಯಿತೆಂಬ ಮಾತು ಪ್ರಚಲಿತವಾಗಿದೆ.

ಬೇರೆ ರಾಜ್ಯಗಳು ಇದನ್ನು ಅನುಸರಿಸಿದವು. ಅಯೋವಾದಲ್ಲಿ ಇದು ಆಕಸ್ಮಿಕವಾಗಿ ಆರಂಭವಾಯಿತು. 1900-01ರ ಸುಮಾರಿಗೆ ಸೀಡರ್ ಫಾಲ್ಸ್ ಊರಿನ ಸಾಕಣೆ ಕೇಂದ್ರವೊಂದರ ಬೇಲಿಯನ್ನು ಬಿರುಗಾಳಿ ಕೆಡವಿ, ಸುಮಾರು 2,000 ಹಕ್ಕಿಗಳು ಹೊರಗೆ ಹೋದವು. ದಕ್ಷಿಣ ಡಕೋಟದ ಸ್ಪಿಂಕ್ ಕೌಂಟಿಯಲ್ಲಿ 1908-09ರ ವೇಳೆಗೆ ರೈತರೇ ಹಕ್ಕಿಗಳನ್ನು ತಂದು ಬಿಟ್ಟರು. 1919ರ ಅಕ್ಟೋಬರ್ 30ರಂದು ಆ ಒಂದು ಕೌಂಟಿಯಲ್ಲಿ ಒಂದೇ ದಿನದ ಬೇಟೆಗೆ ಅನುಮತಿ ದೊರೆತಾಗ ಸುಮಾರು 200 ಹುಂಜಗಳು ಬಿದ್ದವು.

ಸಮೃದ್ಧಿಯ ವರ್ಷಗಳು

1930ರ ದಶಕದ ಆರ್ಥಿಕ ಕುಸಿತ ಮತ್ತು ಬರಗಾಲದಿಂದಾಗಿ ಬಯಲು ಸೀಮೆಯ ಅನೇಕ ಕುಟುಂಬಗಳು ಹೊಲ ಬಿಟ್ಟು ಹೋದವು. ಬೀಳುಬಿದ್ದ ಭೂಮಿಯಲ್ಲಿ ಕಳೆ ಮತ್ತು ಹುಲ್ಲು ಬೆಳೆದವು. ಅದರ ಬೆನ್ನಿಗೇ ಎರಡನೆಯ ಮಹಾಯುದ್ಧ ಬಂದು, ದುಡಿಯುವ ಕೈಗಳೂ ತೋಟಾಗಳೂ ವಿರಳವಾದವು. ಮನುಷ್ಯರಿಗೆ ಕಷ್ಟಕಾಲವಾಗಿದ್ದ ಈ ಹದಿನೈದು ವರ್ಷಗಳು ಫೆಸೆಂಟ್‌ಗೆ ಸುಗ್ಗಿಯಾಗಿದ್ದವು. 1945ರಲ್ಲಿ ದಕ್ಷಿಣ ಡಕೋಟದಲ್ಲಿ ಸುಮಾರು 1.6 ಕೋಟಿ ಫೆಸೆಂಟ್‌ಗಳಿದ್ದವೆಂದು ಅಂದಾಜಿಸಲಾಗಿದೆ. ಆ ಋತುವಿನಲ್ಲಿ ಹೊಡೆದವುಗಳ ಸಂಖ್ಯೆಯೇ ಸುಮಾರು 75 ಲಕ್ಷ. ಆ ರಾಜ್ಯದ ಜನಸಂಖ್ಯೆ ಆಗ ಏಳು ಲಕ್ಷವನ್ನೂ ತಲುಪಿರಲಿಲ್ಲ.

1943ರಲ್ಲಿ ದಕ್ಷಿಣ ಡಕೋಟ ಈ ವಿದೇಶಿ ಹಕ್ಕಿಯನ್ನೇ ತನ್ನ ರಾಜ್ಯಪಕ್ಷಿಯೆಂದು ಘೋಷಿಸಿತು. ಅದೇ ವರ್ಷ ಅಬರ್ಡೀನ್ ಊರಿನ ರೈಲು ನಿಲ್ದಾಣದಲ್ಲಿ ಯುದ್ಧಕ್ಕೆ ಹೊರಟ ಸೈನಿಕರಿಗಾಗಿ ಉಪಾಹಾರ ಕೇಂದ್ರವೊಂದು ತೆರೆಯಿತು. ಸುತ್ತಲಿನ ಹಳ್ಳಿಗಳ ಹೆಂಗಸರು ಫೆಸೆಂಟ್ ಮಾಂಸದ ಸ್ಯಾಂಡ್‌ವಿಚ್‌ಗಳನ್ನು ಮಾಡಿ ತಂದು, ರೈಲು ನಿಂತ ಕೆಲವೇ ನಿಮಿಷಗಳಲ್ಲಿ ಹಂಚುತ್ತಿದ್ದರು. ಯುದ್ಧ ಮುಗಿಯುವವರೆಗೆ ಲಕ್ಷಗಟ್ಟಲೆ ಸೈನಿಕರು ಅಲ್ಲಿ ಉಂಡು ಹೋದರು. ಹ್ಯೂರಾನ್ ಪಟ್ಟಣದಲ್ಲಿ 1959ರಲ್ಲಿ ನಿಲ್ಲಿಸಿದ 28 ಅಡಿ ಎತ್ತರದ ಫೆಸೆಂಟ್ ಪ್ರತಿಮೆ ಆ ಕಾಲದ ಹೆಮ್ಮೆಯ ಗುರುತಾಗಿ ಈಗಲೂ ಇದೆ.

ಬೇಟೆಯ ನೆನಪುಗಳು

ಮಧ್ಯಪಶ್ಚಿಮದ ಹಿರಿಯ ಬೇಟೆಗಾರರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ದೃಶ್ಯವೊಂದಿದೆ. ಮುಸುಕಿನ ಜೋಳದ ಹೊಲದ ಒಂದು ತುದಿಯಿಂದ ಜನರು ಸಾಲಾಗಿ ನಡೆದುಬರುತ್ತಾರೆ. ಇನ್ನೊಂದು ತುದಿಯಲ್ಲಿ ಕೋವಿ ಹಿಡಿದ ಕೆಲವರು ಅಲುಗಾಡದೆ ನಿಂತಿರುತ್ತಾರೆ. ಮಲೆನಾಡಿನ ಹಳೆಯ ಹಂದಿಬೇಟೆಯಲ್ಲಿ ಹಳು ನುಗ್ಗುವವರೂ ಬಿಲ್ಲಿಗೆ ಕೂರುವವರೂ ಇದ್ದಂತೆಯೇ ಇದು. ಫೆಸೆಂಟ್ ಹಾರುವುದಕ್ಕಿಂತ ಓಡಲು ಇಷ್ಟಪಡುವ ಹಕ್ಕಿಯಾದ್ದರಿಂದ ಸಾಲುಗಳ ನಡುವೆ ಓಡುತ್ತ ಓಡುತ್ತ ಹೊಲದ ಕೊನೆಗೆ ಬರುತ್ತದೆ. ಮುಂದೆ ಮರೆಯಿಲ್ಲವೆಂದು ತಿಳಿದಾಗ ನೂರಾರು ಹಕ್ಕಿಗಳು ಒಮ್ಮೆಗೇ ಕೂಗುತ್ತ ಮೇಲೇಳುತ್ತವೆ. ಆ ಸದ್ದನ್ನೂ, ಆಕಾಶ ಕ್ಷಣಕಾಲ ಕಪ್ಪಾದುದನ್ನೂ ನೆನಪಿನಲ್ಲಿ ಹೇಳದವರು ಕಡಿಮೆ.

ದಕ್ಷಿಣ ಡಕೋಟದಲ್ಲಿ ಋತುವು ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಆರಂಭವಾಗುತ್ತದೆ. ದಶಕಗಳ ಕಾಲ ಆ ದಿನ ಮಧ್ಯಾಹ್ನ 12 ಗಂಟೆಗೆ ಮೊದಲು ಗುಂಡು ಹಾರಿಸುವಂತಿರಲಿಲ್ಲ. ಪಟ್ಟಣ ಸೇರಿದ ಮಕ್ಕಳು ಊರಿಗೆ ಬರುವ ದಿನ ಅದು. ಬೆಳಗಿನ ಹೊತ್ತೆಲ್ಲ ಅಡುಗೆ, ಮಾತು ಮತ್ತು ಗಡಿಯಾರ ನೋಡುವುದರಲ್ಲಿ ಕಳೆಯುತ್ತಿತ್ತು. ಹಳೆಯ ನೆನಪುಗಳಲ್ಲಿ ಕೋವಿಗಿಂತ ಹೆಚ್ಚು ಜಾಗವನ್ನು ಪಡೆಯುವುದು ಇಂಥ ವಿವರಗಳೇ: ಅಜ್ಜನ ಒಂಟಿನಳಿಗೆಯ ಕೋವಿ, ಮೊದಲ ಸಲ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತಂದ ನಾಯಿ, ಅಪರಿಚಿತ ರೈತನ ಬಾಗಿಲು ತಟ್ಟಿ ಅವನ ಹೊಲದಲ್ಲಿ ನಡೆಯಲು ಅಪ್ಪಣೆ ಕೇಳುವ ಮುಜುಗರ. ಅಪ್ಪಣೆಗೆ ಹಣ ಕೇಳುವ ರೂಢಿ ಆಗ ಇರಲಿಲ್ಲ. ಈಗ ಹಕ್ಕಿ ಉಳಿದಿರುವ ಒಳ್ಳೆಯ ನೆಲದ ಬಹುಭಾಗ ಗುತ್ತಿಗೆಗೆ ಅಥವಾ ದಿನಬಾಡಿಗೆಗೆ ಹೋಗಿರುವುದರಿಂದ, ಬೇಟೆಯ ಇಳಿಮುಖವೆಂದರೆ ಹಕ್ಕಿಯ ಇಳಿಮುಖವಷ್ಟೇ ಅಲ್ಲ, ಒಂದು ನೆರೆಹೊರೆಯ ಸಂಬಂಧದ ಇಳಿಮುಖವೂ ಆಗಿದೆ.

ಈ ನೆನಪುಗಳಲ್ಲಿ ವಿಜ್ಞಾನಕ್ಕೆ ಉಪಯುಕ್ತವಾದ ಅಂಶವೂ ಅಡಗಿದೆ. ಹೇಳುವವರಿಗೆ ಹಕ್ಕಿ ಮುಖ್ಯ; ಆದರೆ ಅವರು ಗಮನಿಸದೆ ಹೇಳಿಬಿಡುವುದು ಹೊಲದ ಚಿತ್ರಣವನ್ನು. ಸಾಲುಗಳ ನಡುವೆ ಮೊಣಕಾಲೆತ್ತರದ ಕಳೆ, ಉಳಲಾಗದ ಜೌಗಿನಲ್ಲಿ ಜೊಂಡು, ಬೇಲಿಯ ಉದ್ದಕ್ಕೂ ಮುಳ್ಳುಗಿಡ, ತೋಕೆ ಕೊಯ್ದ ಕೂಳೆ ಹೊಲ, ದನಗಳಿಗಾಗಿ ಬಿಟ್ಟ ಹುಲ್ಲುಗಾವಲು. ಅದೇ ಜಾಗಕ್ಕೆ ಇಂದು ಹೋದವರಿಗೆ ಇವುಗಳಲ್ಲಿ ಒಂದೂ ಕಾಣದಿರಬಹುದು.

ಇಳಿಕೆಯ ಕಾರಣಗಳು

ಹಳೆಯ ಕಾಲದ ಹಿಡುವಳಿಯಲ್ಲಿ ಮುಸುಕಿನ ಜೋಳ, ತೋಕೆ, ಹುಲ್ಲು ಮತ್ತು ದನ ಎಲ್ಲವೂ ಇದ್ದವು. ಬೆಳೆಯಿಂದ ಬೆಳೆಗೆ ಹೊಲ ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿಹೋಗಿತ್ತು. ಫೆಸೆಂಟ್‌ಗೆ ಗೂಡಿಗೆ ಹುಲ್ಲು, ಮರಿಗಳಿಗೆ ಹುಳು ಸಿಗುವ ಕಳೆ, ಚಳಿಗಾಲಕ್ಕೆ ಜೊಂಡು, ಹೊಟ್ಟೆಗೆ ಉದುರಿದ ಕಾಳು ಇವೆಲ್ಲ ಒಂದು ಮೈಲಿಯೊಳಗೆ ಸಿಗಬೇಕು. ಟ್ರ್ಯಾಕ್ಟರು ಬಂದು ಕುದುರೆಗಳು ಹೋದಾಗ ತೋಕೆ ಬೆಳೆಯುವ ಅಗತ್ಯ ಉಳಿಯಲಿಲ್ಲ. ದನಗಳು ದೊಡ್ಡ ದೊಡ್ಡ ಸಾಕಣೆ ಕೇಂದ್ರಗಳಿಗೆ ಹೋದಾಗ ಹುಲ್ಲುಗಾವಲು ಬೇಡವಾಯಿತು. ಉಳಿದದ್ದು ಮುಸುಕಿನ ಜೋಳ ಮತ್ತು ಸೋಯಾ ಅವರೆ. 1970ರ ದಶಕದಲ್ಲಿ ಕೃಷಿ ಕಾರ್ಯದರ್ಶಿಯಾಗಿದ್ದ ಅರ್ಲ್ ಬಟ್ಜ್ ಬೇಲಿಯಿಂದ ಬೇಲಿಯವರೆಗೂ ಬಿತ್ತಿರೆಂದು ರೈತರನ್ನು ಪ್ರೋತ್ಸಾಹಿಸಿದರು. ಅನೇಕ ಕಡೆ ಬೇಲಿಯನ್ನೂ ಕಿತ್ತು ಬಿತ್ತಲಾಯಿತು.

ಉಳಿದ ಹುಲ್ಲಿನ ಹೊಲಗಳೂ ಸುರಕ್ಷಿತವಾಗಿರಲಿಲ್ಲ. ಕುದುರೆ ಮಸಾಲೆ ಸೊಪ್ಪಿನ ಹೊಲ ವಸಂತದಲ್ಲಿ ಬೇಗನೆ ಹಸಿರಾಗುವುದರಿಂದ ಹೇಂಟೆ ಅಲ್ಲಿಯೇ ಗೂಡು ಮಾಡುತ್ತದೆ. ಸುಧಾರಿತ ತಳಿ ಮತ್ತು ವೇಗದ ಯಂತ್ರಗಳಿಂದಾಗಿ ಮೊದಲ ಕಟಾವು ಕಾವಿನ ದಿನಗಳಿಗೇ ಸರಿಯಾಗಿ ಬರತೊಡಗಿತು. ಶತ್ರು ಬಂದಾಗ ಅಲುಗಾಡದೆ ಕೂರುವುದು ಹೇಂಟೆಯ ಸ್ವಭಾವ. ನರಿಯ ಮುಂದೆ ಅದನ್ನು ಉಳಿಸುತ್ತಿದ್ದ ಆ ಗುಣವೇ ಕಟಾವು ಯಂತ್ರದ ಮುಂದೆ ಅದರ ಸಾವಿಗೆ ಕಾರಣವಾಯಿತು.

ಕಣ್ಣಿಗೆ ಸುಲಭವಾಗಿ ಕಾಣದ ಕಾರಣವೆಂದರೆ ಹುಳುಗಳ ಕೊರತೆ. ದೊಡ್ಡ ಫೆಸೆಂಟ್ ಕಾಳು ತಿಂದು ಬದುಕುತ್ತದೆ, ಆದರೆ ಮರಿಗೆ ಮೊದಲ ಕೆಲವು ವಾರ ಹುಳುಗಳೇ ಆಹಾರ. ರೆಕ್ಕೆ ಪುಕ್ಕ ಬೆಳೆಯಲು ಬೇಕಾದ ಪ್ರೋಟೀನ್ ಸಿಗುವುದು ಅವುಗಳಿಂದ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಇಂಗ್ಲೆಂಡಿನಲ್ಲಿ ಇನ್ನೊಂದು ಹಕ್ಕಿಯ ಮೇಲೆ ನಡೆದ ಅಧ್ಯಯನ. ಸಸೆಕ್ಸ್ ಪ್ರಾಂತದಲ್ಲಿ 1968ರಿಂದ ಡಿಕ್ ಪಾಟ್ಸ್ ನಡೆಸಿದ ಅಧ್ಯಯನವು, ಬೂದು ಗೌಜಲಹಕ್ಕಿಯ ಮರಿಗಳು ಸಾಯುತ್ತಿದ್ದುದು ವಿಷದಿಂದಲ್ಲ, ಹಸಿವಿನಿಂದ ಎಂದು ತಿಳಿಸಿತು. ಕಳೆನಾಶಕ ಕಳೆಯನ್ನು ಕೊಂದಿತ್ತು, ಕಳೆಯನ್ನು ನಂಬಿದ ಹುಳುಗಳು ಇಲ್ಲವಾದವು, ಹುಳುಗಳನ್ನು ನಂಬಿದ ಮರಿಗಳು ಉಳಿಯಲಿಲ್ಲ. ಫೆಸೆಂಟ್ ಮರಿಗಳ ಅವಸ್ಥೆಯೂ ಇದಕ್ಕಿಂತ ಬೇರೆಯಲ್ಲ.

ಹವಾಮಾನದ ಹೊಡೆತ ಇವೆಲ್ಲದರ ಮೇಲೆ ಬೀಳುತ್ತದೆ. ಕಾಳು ಇರುವಲ್ಲಿ ಫೆಸೆಂಟ್ ಹಸಿವಿನಿಂದ ಸಾಯುವುದು ಅಪರೂಪ. ಆದರೆ ಮರೆಯಿಲ್ಲದ ಬಯಲಿನಲ್ಲಿ ಹಿಮಗಾಳಿಗೆ ಸಿಕ್ಕರೆ ಪುಕ್ಕದೊಳಗೆ ಹಿಮ ಹೊಕ್ಕು, ಮೂಗಿನ ಹೊಳ್ಳೆ ಕಟ್ಟಿ ಸಾಯುತ್ತದೆ. ಅಯೋವಾದಲ್ಲಿ 2007ರ ನಂತರ ಸತತವಾಗಿ ಬಂದ ಹಿಮ ತುಂಬಿದ ಚಳಿಗಾಲಗಳು ಮತ್ತು ಮಳೆಯ ವಸಂತಗಳಿಂದಾಗಿ 2011ರ ಬೇಟೆಯಲ್ಲಿ ಸಿಕ್ಕ ಹಕ್ಕಿಗಳ ಸಂಖ್ಯೆ ಸುಮಾರು 1.09 ಲಕ್ಷಕ್ಕೆ ಇಳಿಯಿತು. ಆ ರಾಜ್ಯದಲ್ಲಿ 1963ರಲ್ಲಿ ಸುಮಾರು 19 ಲಕ್ಷ ಹಕ್ಕಿಗಳನ್ನು ಹೊಡೆಯಲಾಗಿತ್ತು. ಕೆಟ್ಟ ಚಳಿಗಾಲಗಳು ಹಿಂದೆಯೂ ಇದ್ದವು. ಆದರೆ ಹುಲ್ಲು ಮತ್ತು ಜೊಂಡು ಇದ್ದಾಗ ಒಂದೆರಡು ವರ್ಷಗಳಲ್ಲಿ ಸಂಖ್ಯೆ ಚೇತರಿಸಿಕೊಳ್ಳುತ್ತಿತ್ತು.

ಬೇಟೆಯ ಪಾತ್ರ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹುಂಜವನ್ನು ಮಾತ್ರ ಹೊಡೆಯಬಹುದು. ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕಾಗುವುದರಿಂದ, ಶರತ್ಕಾಲದಲ್ಲಿ ಹೆಚ್ಚಿನ ಹುಂಜಗಳು ಸತ್ತರೂ ಮುಂದಿನ ವಸಂತದ ಗೂಡುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. 1940ರ ದಶಕದ ಕೆಲವು ವರ್ಷಗಳಲ್ಲಿ ದಕ್ಷಿಣ ಡಕೋಟ ಹೇಂಟೆಗಳ ಬೇಟೆಗೂ ಅವಕಾಶ ಕೊಟ್ಟಿತ್ತು ಎಂಬುದು ನಿಜ, ಮತ್ತು ಆ ಕಾಲದ ನಂತರ ಬಂದ ಕುಸಿತಕ್ಕೆ ಅದನ್ನೇ ಹೊಣೆಯಾಗಿಸಿದವರು ಅನೇಕರು. ಆದರೆ ಹೇಂಟೆಗಳ ಬೇಟೆ ನಿಂತು ದಶಕಗಳಾದ ಮೇಲೂ ಇಳಿಕೆ ನಿಲ್ಲಲಿಲ್ಲ.

ಬೇಟೆಗಾರರು ಸಾಮಾನ್ಯವಾಗಿ ದೂರುವುದು ಗಿಡುಗ, ನರಿ ಮತ್ತು ಕಯೋಟೆಗಳನ್ನು. ಪರಭಕ್ಷಕಗಳು ಗೂಡುಗಳನ್ನು ನಾಶ ಮಾಡುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು 1945ರಲ್ಲಿಯೂ ಇದ್ದವು. ಹುಲ್ಲು ರಸ್ತೆಬದಿಯ ಕಿರಿದಾದ ಪಟ್ಟಿಯಷ್ಟೇ ಉಳಿದಾಗ ಅದರೊಳಗಿನ ಗೂಡನ್ನು ಹುಡುಕುವುದು ಯಾವ ಪ್ರಾಣಿಗಾದರೂ ಸುಲಭ. ದಕ್ಷಿಣ ಡಕೋಟ 2019ರಲ್ಲಿ ರಕೂನ್, ಸ್ಕಂಕ್ ಮೊದಲಾದ ಪ್ರಾಣಿಗಳ ಒಂದೊಂದು ಬಾಲಕ್ಕೆ 10 ಡಾಲರ್ ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. ಹಕ್ಕಿಗಳ ಸಂಖ್ಯೆಗೆ ಅದರಿಂದ ಪ್ರಯೋಜನವಾಗದು ಎಂಬ ಟೀಕೆ ಅಂದಿನಿಂದಲೂ ಇದೆ.

ಬೇಟೆಗೂ ಸಂರಕ್ಷಣೆಗೂ ಹಣದ ನಂಟು ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ ರಾಜ್ಯಗಳ ವನ್ಯಜೀವಿ ಕಾರ್ಯಗಳಿಗೆ ಹೋಗುತ್ತದೆ. ಹಕ್ಕಿ ಕಡಿಮೆಯಾದರೆ ಬೇಟೆಗಾರರು ಕಡಿಮೆಯಾಗುತ್ತಾರೆ. ಪರವಾನಗಿ ಶುಲ್ಕ ಮತ್ತು ತೆರಿಗೆ ಕಡಿಮೆಯಾದರೆ ಹುಲ್ಲುಗಾವಲು ಉಳಿಸುವ ಹಣವೂ ಕಡಿಮೆಯಾಗುತ್ತದೆ. ಬೇಟೆಯನ್ನು 1972ರ ಕಾಯಿದೆಯಿಂದ ನಿಷೇಧಿಸಿರುವ ಭಾರತದ ಓದುಗರಿಗೆ ಈ ವ್ಯವಸ್ಥೆ ವಿಚಿತ್ರವೆನಿಸಬಹುದು.

ನೆನಪು ಮತ್ತು ಎಣಿಕೆ

ಫೆಸೆಂಟ್ ಎಣಿಕೆಗೆ ರಾಜ್ಯಗಳು ಸರಳವಾದ ವಿಧಾನವೊಂದನ್ನು ಅನುಸರಿಸುತ್ತವೆ. ಆಗಸ್ಟ್ ತಿಂಗಳಲ್ಲಿ ಇಬ್ಬನಿ ದಟ್ಟವಾಗಿ ಬಿದ್ದ ಬೆಳಗ್ಗೆ ಹೇಂಟೆಗಳು ಒದ್ದೆಯಾದ ಮರಿಗಳನ್ನು ಒಣಗಿಸಲು ಜಲ್ಲಿ ರಸ್ತೆಗೆ ಕರೆತರುತ್ತವೆ. ಸಿಬ್ಬಂದಿಯು ಪ್ರತಿವರ್ಷ ಅದೇ 30 ಮೈಲಿ ರಸ್ತೆಯಲ್ಲಿ ನಿಧಾನವಾಗಿ ವಾಹನ ಓಡಿಸುತ್ತ ಕಂಡ ಹಕ್ಕಿಗಳನ್ನು ಎಣಿಸುತ್ತಾರೆ. ಇಂತಹ ಅಂಕಿಗಳ ಪ್ರಕಾರ ದಕ್ಷಿಣ ಡಕೋಟದ ಸಂಖ್ಯೆ 1976ರಲ್ಲಿ ಸುಮಾರು 14 ಲಕ್ಷಕ್ಕೆ ಕುಸಿದು, 2007ರಲ್ಲಿ ಮತ್ತೆ 1.19 ಕೋಟಿಯ ಆಸುಪಾಸಿಗೆ ಏರಿತ್ತು.

ನೆನಪು ಇಂತಹ ಏರಿಳಿತಗಳನ್ನು ಹಿಡಿದಿಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಬಾಲ್ಯದಲ್ಲಿ ಕಂಡ ಸಂಖ್ಯೆಯನ್ನೇ ಸಹಜ ಸ್ಥಿತಿಯೆಂದು ಭಾವಿಸುತ್ತಾರೆ. ಮೀನುಗಾರಿಕೆಯ ಸಂದರ್ಭದಲ್ಲಿ ಡೇನಿಯಲ್ ಪಾಲಿ 1995ರಲ್ಲಿ ಗುರುತಿಸಿದ, ತಲೆಮಾರಿನಿಂದ ತಲೆಮಾರಿಗೆ ಅಳತೆಗೋಲೇ ಕುಗ್ಗುವ ಪ್ರವೃತ್ತಿ ಇಲ್ಲಿಯೂ ಕಾಣುತ್ತದೆ. 1945ನ್ನು ಕಂಡವರಿಗೆ 1963 ಸಾಧಾರಣವಾಗಿತ್ತು. 1990ರ ದಶಕದಲ್ಲಿ ಬೆಳೆದವರಿಗೆ ಒಂದು ಮಧ್ಯಾಹ್ನ ಮೂರು ಹುಂಜ ಸಿಕ್ಕರೆ ಅದೇ ಸಮೃದ್ಧಿ. ಇನ್ನೊಂದು ದಿಕ್ಕಿನಲ್ಲಿಯೂ ನೆನಪು ತಪ್ಪುತ್ತದೆ: ಯುದ್ಧಕಾಲದ ಅಸಾಮಾನ್ಯ ಸಂಖ್ಯೆಯನ್ನು ಶಾಶ್ವತ ಸ್ಥಿತಿಯೆಂದು ಹೇಳುವವರು, ಅದರ ಹಿಂದೆ ಊರು ಬಿಟ್ಟ ಕುಟುಂಬಗಳೂ ಉಳದ ಹೊಲಗಳೂ ಇದ್ದುದನ್ನು ಮರೆಯುತ್ತಾರೆ.

ಫೆಸೆಂಟ್ ಹೊರಗಿನಿಂದ ಬಂದ ಹಕ್ಕಿಯಾದ್ದರಿಂದ ಅದರ ಇಳಿಮುಖಕ್ಕೆ ಮರುಗುವುದು ಏಕೆ ಎಂಬ ಪ್ರಶ್ನೆಯೂ ಇದೆ. ಅದು ಸ್ಥಳೀಯ ಪ್ರೇರಿ ಕೋಳಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ತೊಂದರೆ ಕೊಡುವುದೂ ಉಂಟು. ಆದರೆ ಫೆಸೆಂಟ್ ಇಲ್ಲವಾದ ಹೊಲದಲ್ಲಿ ಮೆಡೋಲಾರ್ಕ್, ಬೊಬೊಲಿಂಕ್ ಮೊದಲಾದ ಸ್ಥಳೀಯ ಹುಲ್ಲುಗಾವಲು ಹಕ್ಕಿಗಳೂ ಇರುವುದಿಲ್ಲ. 1970ರಿಂದ ಉತ್ತರ ಅಮೆರಿಕದ ಹುಲ್ಲುಗಾವಲು ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗಿದೆಯೆಂದು 2019ರ ಅಧ್ಯಯನವೊಂದು ತಿಳಿಸಿದೆ. ಆ ಚಿಕ್ಕ ಹಕ್ಕಿಗಳನ್ನು ಯಾರೂ ಬೇಟೆಯಾಡುತ್ತಿರಲಿಲ್ಲ, ಹಾಗಾಗಿ ಅವುಗಳ ಬಗ್ಗೆ ಇಷ್ಟೊಂದು ನೆನಪುಗಳೂ ಉಳಿದಿಲ್ಲ.

ಚೇತರಿಕೆಯ ಪ್ರಯತ್ನಗಳು

ಫೆಸೆಂಟ್‌ಗೆ ಅತಿ ಹೆಚ್ಚು ನೆರವಾದ ಎರಡು ಯೋಜನೆಗಳು ಹಕ್ಕಿಗಾಗಿ ಆರಂಭವಾದವುಗಳಲ್ಲ. ಧಾನ್ಯದ ಅತಿ ಉತ್ಪಾದನೆ ಮತ್ತು ಮಣ್ಣಿನ ಸವಕಳಿಯನ್ನು ತಡೆಯಲು ಸರ್ಕಾರ ರೂಪಿಸಿದವು. 1956ರ 'ಸಾಯಿಲ್ ಬ್ಯಾಂಕ್' ಯೋಜನೆಯಲ್ಲಿ ರೈತರಿಗೆ ಹಣ ಕೊಟ್ಟು ಭೂಮಿಯನ್ನು ಬೀಳುಬಿಡಿಸಲಾಯಿತು. 1960ರ ದಶಕದ ಆರಂಭದ ಚೇತರಿಕೆ ಅದರ ಫಲ. ಒಪ್ಪಂದಗಳು ಮುಗಿದು ನೇಗಿಲು ಮರಳಿದಾಗ ಸಂಖ್ಯೆ ಕುಸಿಯಿತು. 1985ರ ಕೃಷಿ ಕಾಯಿದೆಯ ಸಂರಕ್ಷಣಾ ಮೀಸಲು ಯೋಜನೆಯಲ್ಲಿ 10ರಿಂದ 15 ವರ್ಷಗಳ ಒಪ್ಪಂದದ ಮೇಲೆ ಹುಲ್ಲು ಬೆಳೆಸಲಾಯಿತು. 2007ರಲ್ಲಿ ಅದರಡಿ 3.68 ಕೋಟಿ ಎಕರೆ ಭೂಮಿ ಇತ್ತು, ಮತ್ತು ದಕ್ಷಿಣ ಡಕೋಟದ ಇತ್ತೀಚಿನ ಅತ್ಯುನ್ನತ ಸಂಖ್ಯೆಯೂ ಅದೇ ವರ್ಷದ್ದು. ಎಥನಾಲ್‌ಗಾಗಿ ಮುಸುಕಿನ ಜೋಳಕ್ಕೆ ಬೇಡಿಕೆ ಏರಿದಾಗ ರೈತರು ಒಪ್ಪಂದ ನವೀಕರಿಸದೆ ಹುಲ್ಲನ್ನು ಉತ್ತರು. 2014ರ ಕಾಯಿದೆಯು ಯೋಜನೆಯ ಗರಿಷ್ಠ ಮಿತಿಯನ್ನು 2.4 ಕೋಟಿ ಎಕರೆಗೆ ಇಳಿಸಿತು.

1982ರಲ್ಲಿ ಮಿನೆಸೋಟದಲ್ಲಿ ಬೇಟೆಗಾರರು ಆರಂಭಿಸಿದ 'ಫೆಸೆಂಟ್ಸ್ ಫಾರೆವರ್' ಸಂಸ್ಥೆಯು ಹಕ್ಕಿಗಳನ್ನು ಬಿಡುವ ಬದಲು ಹುಲ್ಲುಗಾವಲು ಬೆಳೆಸುವುದಕ್ಕೆ ಆದ್ಯತೆ ನೀಡಿತು. ಸಾಕಣೆ ಕೇಂದ್ರದಲ್ಲಿ ಬೆಳೆದ ಹಕ್ಕಿಗಳನ್ನು ಬಿಡುವುದು ಜನಪ್ರಿಯವಾದರೂ ನಿಷ್ಫಲ. ತಾಯಿಯಿಂದ ಏನನ್ನೂ ಕಲಿಯದ ಆ ಹಕ್ಕಿಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತವೆ.

ಪೆನ್ಸಿಲ್ವೇನಿಯದ ಕಥೆ ಇದಕ್ಕೆ ಉದಾಹರಣೆ. 1971ರಲ್ಲಿ ಅಲ್ಲಿ ಸುಮಾರು 13 ಲಕ್ಷ ಫೆಸೆಂಟ್‌ಗಳ ಬೇಟೆಯಾಗಿತ್ತು. ಇಂದು ಅಲ್ಲಿ ಬೇಟೆಗೆ ಸಿಗುವ ಹಕ್ಕಿಗಳು ಬಹುತೇಕ ಆ ವರ್ಷವೇ ಸಾಕಣೆ ಕೇಂದ್ರದಿಂದ ತಂದು ಬಿಟ್ಟವು. 2007ರಿಂದ ಬೇರೆ ರಾಜ್ಯಗಳ ಕಾಡುಹಕ್ಕಿಗಳನ್ನು ತಂದು, ಆಯ್ದ ಪ್ರದೇಶಗಳಲ್ಲಿ ಬೇಟೆ ನಿಲ್ಲಿಸಿ ಅವುಗಳನ್ನು ನೆಲೆಗೊಳಿಸುವ ಪ್ರಯೋಗವೂ ನಡೆಯಿತು.

ಈಗಿನ ಸ್ಥಿತಿ

ಜಾಗತಿಕವಾಗಿ ಈ ಪ್ರಭೇದ ಅಪಾಯದ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ಅದು ಈಗ ಡಕೋಟ ರಾಜ್ಯಗಳು, ಅಯೋವಾ, ನೆಬ್ರಾಸ್ಕ, ಕ್ಯಾನ್ಸಸ್ ಮತ್ತು ಮಿನೆಸೋಟಗಳಲ್ಲಿ ಗಣನೀಯ ಸಂಖ್ಯೆಯಲ್ಲಿ ಉಳಿದಿದೆ. ಸೌಮ್ಯವಾದ ಚಳಿಗಾಲಗಳ ನೆರವಿನಿಂದ ಅಯೋವಾ ಭಾಗಶಃ ಚೇತರಿಸಿಕೊಂಡಿದ್ದು, 2023ರ ಬೇಟೆಯಲ್ಲಿ ಸುಮಾರು 6 ಲಕ್ಷ ಹಕ್ಕಿಗಳು ಸಿಕ್ಕವು. ದಕ್ಷಿಣ ಡಕೋಟ 2019ರ ಎಣಿಕೆಯ ನಂತರ ರಾಜ್ಯಾದ್ಯಂತದ ವಾರ್ಷಿಕ ರಸ್ತೆಬದಿ ಎಣಿಕೆಯನ್ನು 2020ರಲ್ಲಿ ಕೈಬಿಟ್ಟಿತು; ಕಡಿಮೆ ಅಂಕಿಗಳು ಪ್ರಕಟವಾದರೆ ಹೊರರಾಜ್ಯದ ಬೇಟೆಗಾರರು ಬಾರದಿರಬಹುದೆಂಬ ಆತಂಕ ಆ ನಿರ್ಧಾರದ ಹಿಂದೆ ಇತ್ತು. 1940ರ ದಶಕದಿಂದ ಬಂದಿದ್ದ ಅಂಕಿಗಳ ಸರಣಿ ಇದರಿಂದ ಕಡಿಯಿತು.